ಕಾಲಿಗೆ ಬೀಳುವ ಸೀನು

"ಮುದ್ಕೀರು ಬೇಕ್ರವ್ವೋ, ಮುದ್ಕೀರು!"

ಗುರುಪುರದ ಕೆಳಗಲ ಕೇರಿಯ ಬಾಯಲ್ಲಿ ಬೈಕು ನಿಲ್ಲಿಸಿಕೊಂಡು ಚಿಕ್ಕಣ್ಣ ಕೂಗುತ್ತಿದ್ದ. ಹಳೇ ಪಾತ್ರೆ, ಹಳೇ ಕಬ್ಬಿಣ ಎಂದು ಕೂಗುತ್ತ ಬರುವವನ ರಾಗವೇ ಅವನದ್ದೂ. ಊರಿಗೆ ಸಿನಿಮಾದವರು ಬಂದಿದ್ದರು. ಜನ ಹೊಂದಿಸಿಕೊಡುವುದು ಚಿಕ್ಕಣ್ಣನ ಕಸುಬು. ಎಲೆಕ್ಷನ್ನಿಗೆ ಮೆರವಣಿಗೆಯ ಜನ, ಮಂತ್ರಿ ಬಂದರೆ ಚಪ್ಪಾಳೆಯ ಜನ. ಈಗ ಮುದುಕಿಯರು ಬೇಕಾಗಿದ್ದರು.

"ಹಲ್ಲಿಲ್ದೋರು ಮುಂದಕ್ ಬನ್ನಿ. ಬೆನ್ನು ಗೂನಾಗಿರೋರ್ಗೆ ಮೊದ್ಲು. ಒಳ್ಳೆ ಸೀರೆ ಉಟ್ಕಂಡ್ ಬರ್ಬ್ಯಾಡಿ, ಅರ್ದೋಗಿರೋದೇ ಉಟ್ಕಳ್ಳಿ."

ಕುಳ್ಳಮ್ಮ ಜಗಲಿಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಹೆಸರಿಗೆ ತಕ್ಕಂತೆ ಗಿಡ್ಡ, ಹೆಸರಿಗೆ ಮೀರಿದ ಬಾಯಿ. ಮಗಳ ಮದುವೆಗೆ ತಂದಿದ್ದ ಹಸಿರು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಆಗಲೇ ಉಟ್ಟಾಗಿತ್ತು.

"ಏನ್ಲಾ ಚಿಕ್ಕಣ್ಣ, ಸಂತೇಲಿ ದನ ಕೊಳ್ಳೋನಂಗೆ ಹಲ್ಲು ನೋಡ್ತಾ ಇದ್ದೀಯಲ್ಲ?"

"ನಾನಲ್ಲ ಕಣಮ್ಮೋ, ಡೈರೆಕ್ಟ್ರು ಏಳವ್ರೆ. ನೀನೂ ಆ ಸೀರೆ ಬಿಚ್ಚಿಟ್ಟು ಬಾ."

"ನಿನ್ ಡೈರೆಕ್ಟ್ರು ಇದೇ ಜಗಲಿ ಮ್ಯಾಲೆ ಕುಂತು ಕಾಫಿ ಕುಡ್ದೋನು. ಇದು ನನ್ ಕತೆ ಕಣ್ಲಾ. ನನ್ ಕತೆಗೆ ನನ್ನಿಷ್ಟದ ಸೀರೆ."

ಕೇರಿಯವರು ನಕ್ಕರು. ಎರಡು ವರ್ಷದಿಂದ ಅವರು ಅವಳನ್ನು ಹೀರೋಯಿನ್ನು ಎಂದೇ ಕರೆಯುತ್ತಿದ್ದರು. ನೀರಿಗೆ ಹೋದರೆ ಹೀರೋಯಿನ್ನು ಬಂದ್ಲು, ಸೊಸೈಟಿಗೆ ಹೋದರೆ ಹೀರೋಯಿನ್ನಿಗೆ ಮೊದಲು ಅಕ್ಕಿ ಅಳೀರಿ. ಅವಳೂ ಸಿಟ್ಟು ಮಾಡಿಕೊಂಡವಳಲ್ಲ. ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗಬಾರದೇ? ಹೆಂಗಸು ಮುದುಕಿಯಾದ ಮೇಲೆ ಹಿಗ್ಗುವುದಕ್ಕೂ ಯಾರದಾದರೂ ಅಪ್ಪಣೆ ಬೇಕೇ?

ಎರಡು ವರ್ಷದ ಹಿಂದೆ ಗೌರೀಶ ಬಂದಿದ್ದ. ಹುಣಸೂರಿನ ಹುಡುಗ. ಬೆಂಗಳೂರಿನಲ್ಲಿ ಟೀವಿ ಧಾರಾವಾಹಿ ಮಾಡುತ್ತಿದ್ದವನು, ಈಗ ಮೊದಲ ಸಿನಿಮಾ ಮಾಡಬೇಕೆಂದು ಕಥೆ ಹುಡುಕುತ್ತಿದ್ದ. ಮೊಬೈಲನ್ನು ಜಗಲಿಯ ಮೇಲಿಟ್ಟು, "ಅವ್ವಾ, ಆ ಬ್ಯಾರನ್ ಗಲಾಟೆ ಹೇಳಿ" ಎಂದ. ಅವಳು ಹೇಳಿದಳು. ಕೇಳುತ್ತ ಕೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ, ನಿಜವಾದದ್ದೇ. ಅದನ್ನು ಕಂಡೇ ಅವಳು ನಂಬಿದಳು.

ನಡೆದದ್ದು ಇಷ್ಟು. ಧಣಿ ನೀಲಕಂಠಸ್ವಾಮಿಯ ಬ್ಯಾರನ್ನು, ಎಂದರೆ ಹೊಗೆಸೊಪ್ಪು ಬೇಯಿಸುವ ಮನೆ, ಆಗ ಊರಿಗೇ ದೊಡ್ಡದು. ಹೊಲದಲ್ಲಿ ಮುರಿದು ತಂದ ಹಸಿ ಸೊಪ್ಪನ್ನು ಹೆಂಗಸರು ಕಡ್ಡಿಗೆ ಕಟ್ಟಬೇಕು. ಗಂಡಸರು ಆ ಕಡ್ಡಿಗಳನ್ನು ಬ್ಯಾರನ್ನಿನ ಒಳಗೆ ಸಾಲಾಗಿ ಏರಿಸಿ, ಹೊರಗಿನಿಂದ ಒಲೆ ಹಚ್ಚಿ, ಹಗಲೂ ರಾತ್ರಿ ಸೌದೆ ಹಾಕಿ ಬೇಯಿಸಬೇಕು. ಸೊಪ್ಪಿನ ಅಂಟು ಕೈಗೆ ಹತ್ತಿದರೆ ಸೋಪಿಗೂ ಹೋಗದು, ಹುಣಸೆಹಣ್ಣಿಗೂ ಹೋಗದು. ಮುದ್ದೆ ಮುರಿದರೆ ಮುದ್ದೆ ಕಹಿ. ಕೂಸಿನ ಬಾಯಿ ಒರೆಸಿದರೆ ಕೂಸಿನ ಬಾಯಿ ಕಹಿ. ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ಬದಿಗೆ ಹೋಗಿ ಕಕ್ಕಿ, ಬಾಯಿ ಮುಕ್ಕಳಿಸಿ, ಮತ್ತೆ ಬಂದು ಕಟ್ಟಬೇಕು.

ಆ ವರ್ಷ ಸೊಪ್ಪು ಕಡಿಮೆ ಬೀಳುತ್ತಿದೆ ಎಂದು ಸಂಜೆ ಹೊತ್ತು ಗೇಟಿನಲ್ಲಿ ಹೆಂಗಸರನ್ನು ನಿಲ್ಲಿಸಿ ಸೆರಗು ಕೊಡವಿಸತೊಡಗಿದರು. ಮೊದಲು ಸೆರಗು. ಆಮೇಲೆ ನೆರಿಗೆ. ಮೇಸ್ತ್ರಿ ಬೀಡಿ ಸೇದುತ್ತ ನಿಂತು ನೋಡುತ್ತಿದ್ದ. ಹಸಿ ಹೊಗೆಸೊಪ್ಪು ಕದ್ದು ಇವರು ಏನು ಮಾಡಿಕೊಳ್ಳುತ್ತಾರೆ, ಬೇಯಿಸುವುದಕ್ಕೆ ಇವರ ಗುಡಿಸಲಿನ ಹಿಂದೆ ಬ್ಯಾರನ್ನು ಇದೆಯೇ ಎಂದು ಒಬ್ಬರೂ ಕೇಳಲಿಲ್ಲ. ಕೇಳುವ ಅಗತ್ಯವೂ ಅವರಿಗಿರಲಿಲ್ಲ. ಸೊಪ್ಪು ಸಿಗಲಿ ಬಿಡಲಿ, ನೋಡುವುದು ನಡೆಯುತ್ತಿತ್ತು. ಮದುವೆಯಾಗದ ಹುಡುಗಿಯರು ಅತ್ತುಕೊಂಡು ಮನೆಗೆ ಹೋಗುತ್ತಿದ್ದರು.

ಒಂದು ದಿನ ಬ್ಯಾರನ್ನು ತುಂಬಿ ಒಲೆ ಹಚ್ಚಿದ ಮೇಲೆ ಮೂವರು ಹೆಂಗಸರು ಒಲೆಬಾಯಿಯ ಮುಂದೆ ಕೂತುಬಿಟ್ಟರು. ಕುಳ್ಳಮ್ಮ, ಅವಳ ಗೆಳತಿ ಮಲ್ಲಾಜಮ್ಮ, ಇನ್ನೊಬ್ಬಳು ಮಾಯಮ್ಮ. ಮೂವರೂ ಐವತ್ತು ದಾಟಿದವರು. ವಯಸ್ಸಿನ ಹುಡುಗಿಯರೂ ಕೂರಲು ಬಂದರು. ಅವರನ್ನು ಹಿಂದಕ್ಕೆ ಕಳಿಸಿದವಳು ಕುಳ್ಳಮ್ಮನೇ.

"ನಿಮ್ಗಿನ್ನೂ ಮದ್ವೆ ಆಗ್ಬೇಕು, ಜನ ಬಾಯಿಗ್ ಬಂದಂಗ್ ಆಡ್ಕತ್ತಾರೆ. ನಮ್ದು ಕೆಡದಿಕ್ಕೆ ಇನ್ನೇನದೆ? ನಾವ್ ಕುಂತ್ಕತೀವಿ, ನೀವ್ ವೋಗಿ."

ಮುದುಕಿ ಯಾವುದಕ್ಕೂ ಬಾರದವಳು ಎನ್ನುತ್ತಾರಲ್ಲ, ಅವತ್ತು ಆ ಬಾರದಿರುವುದೇ ಬಲಕ್ಕೆ ಬಂತು. ಒಲೆಗೆ ಸೌದೆ ಹಾಕಲು ದಾರಿಯಿಲ್ಲ. ಕಾವು ಇಳಿದರೆ ಅರೆಬೆಂದ ಸೊಪ್ಪು ಕಪ್ಪಾಗುತ್ತದೆ, ಕಪ್ಪಾದರೆ ತಿಪ್ಪೆಗೆ. ಮೇಸ್ತ್ರಿ ಬೈದ. ಕೂದಲು ಹಿಡಿದು ಎಳೆದ. ಮಾಯಮ್ಮನ ಬೆನ್ನಿಗೆ ಸೌದೆಯಲ್ಲಿ ಬಾರಿಸಿದ. ಅವರು ಕದಲಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನೀಲಕಂಠಸ್ವಾಮಿಯೇ ಬಂದ. ಆ ಸಂಜೆ ಬ್ಯಾರನ್ನಿನ ಮುಂದಿನ ಕಣದಲ್ಲಿ ಒಬ್ಬರು ಇನ್ನೊಬ್ಬರ ಕಾಲಿಗೆ ಬಿದ್ದರು. ಮಾರನೆಯ ದಿನದಿಂದ ಗೇಟಿನಲ್ಲಿ ಸೀರೆ ಕೊಡವಿಸುವುದು ನಿಂತಿತು.

ಕುಳ್ಳಮ್ಮನ ಬಾಯಲ್ಲಿ ಒಂದು ಮಾತೂ ಅವತ್ತೇ ನಿಂತಿತು. ಬುದ್ದಿ. ಕೇರಿಯವರು ಮೇಲಿನವರನ್ನು ಕರೆಯುವುದು ಹಾಗೆ. ಬುದ್ದೀ ಬಂದೆ, ಬುದ್ದೀ ಆಯ್ತು, ಬುದ್ದೀ ತಪ್ಪಾಯ್ತು. ಅವಳ ಅಜ್ಜಿ ಅಂದಿದ್ದಳು, ಅವ್ವ ಅಂದಿದ್ದಳು, ಅವಳೂ ಹಲ್ಲು ಬಂದಾಗಿನಿಂದ ಅಂದಿದ್ದಳು. ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ, "ನಂಗೆ ಬುದ್ಧಿ ಬಂತು ಕಣಪ್ಪ, ಅದ್ಕೇ ಬುದ್ದಿ ಅನ್ನದ ಬುಟ್ಬುಟ್ಟೆ" ಎನ್ನುತ್ತಿದ್ದಳು.

ಮಾಯಮ್ಮ ತೀರಿಕೊಂಡಳು. ಆ ಬೆನ್ನು ಮತ್ತೆ ನೆಟ್ಟಗಾಗಲೇ ಇಲ್ಲ. ಈಗಿನ ಹುಡುಗಿಯರಿಗೆ ಗೇಟಿನ ಕಥೆ ಹೇಳಿದರೆ, ಹೌದಾ ಅಜ್ಜಿ ಎಂದು ಮೊಬೈಲು ತಿರುವುತ್ತಾರೆ. ಅದಕ್ಕೇ ಕುಳ್ಳಮ್ಮನಿಗೆ ಈ ಸಿನಿಮಾ ಬೇಕಾಗಿತ್ತು. ಬಾಯಿಮಾತು ಇವತ್ತಿದ್ದು ನಾಳೆ ಸಾಯುತ್ತದೆ. ಸಿನಿಮಾದಲ್ಲಿ ಬಂದದ್ದು ನಿಜವಾಗಿ ಉಳಿಯುತ್ತದೆ.

ಆ ಮಾತಿನ ಇನ್ನೊಂದು ಮಗ್ಗುಲು ಅವಳಿಗೆ ಅಂದು ಹೊಳೆದಿರಲಿಲ್ಲ. ಸಿನಿಮಾದಲ್ಲಿ ಬಂದರೆ ಸುಳ್ಳೂ ನಿಜವಾಗಿ ಉಳಿಯುತ್ತದೆ.

*

ಶೂಟಿಂಗು ಇದ್ದದ್ದು ನೀಲಕಂಠಸ್ವಾಮಿಯ ಕಣದಲ್ಲೇ. ಅದೇ ಬ್ಯಾರನ್ನು, ಅದೇ ಒಲೆಬಾಯಿ. ಬ್ಯಾರನ್ನು ಈಚೆಗೆ ಪಾಳುಬಿದ್ದಿತ್ತು. ಸಿನಿಮಾದವರು ಒಲೆ ಹಚ್ಚಿ ಹೊಗೆ ಬರಿಸಿದ್ದರು. ಸೊಪ್ಪಿನ ಕಡ್ಡಿಗಳನ್ನು ಚೆಂದ ಕಾಣುವಂತೆ ಹೊರಗೆ ಬಿಸಿಲಿನಲ್ಲಿ ನೇತುಹಾಕಿದ್ದರು. ಅದನ್ನು ನೋಡಿ ಮಲ್ಲಾಜಮ್ಮ, "ಬಟ್ಟೆ ಒಣಾಕವ್ರೆ ನೋಡು" ಎಂದಳು.

ಕೊಡೆಯ ಕೆಳಗೆ ಒಬ್ಬ ಹುಡುಗಿ ಕೂತಿದ್ದಳು. ತೆಳ್ಳಗೆ ಬೆಳ್ಳಗೆ, ತೇಪೆ ಹಾಕಿದ ಆದರೆ ಮೈಗೆ ಅಳತೆಯಾಗಿ ಹೊಲಿದ ರವಿಕೆ. ಒಬ್ಬ ಅವಳ ಬೆರಳುಗಳಿಗೆ ಕಪ್ಪು ಬಣ್ಣ ಹಚ್ಚುತ್ತಿದ್ದ. ಸೊಪ್ಪಿನ ಅಂಟಂತೆ. ಹಚ್ಚಿ, ದೂರದಿಂದ ನೋಡಿ, ಚೂರು ಒರೆಸುತ್ತಿದ್ದ. ಕುಳ್ಳಮ್ಮ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯ ಕಪ್ಪು ಅಲ್ಲೇ ಇತ್ತು.

"ಯಾರ್ಲಾ ಆ ಮೊಗ?"

"ಪೂಜಾ ಅಂತ. ಅದೇ ನೀನು" ಎಂದ ಚಿಕ್ಕಣ್ಣ.

"ಯಾವುದು ನಾನು?"

"ಸಿನಿಮಾದಲ್ಲಿ ನೀನು ಕಣಮ್ಮೋ. ಕೆಂಪಿ ಅಂತ ಹೆಸ್ರು. ಮೇಸ್ತ್ರಿ ತಮ್ಮನ್ ಮ್ಯಾಲೆ ಲವ್ವು. ಅವ್ಳೇ ಬ್ಯಾರನ್ ಮುಂದೆ ಕೂರದು."

ಕುಳ್ಳಮ್ಮ ಸೀದಾ ಗೌರೀಶನ ಹತ್ತಿರ ನಡೆದಳು. ಅವನು ಕಿವಿಗೆ ಏನೋ ಸಿಕ್ಕಿಸಿಕೊಂಡು ಸಣ್ಣ ಟೀವಿಯೊಳಗೆ ನೋಡುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಎದ್ದು ನಿಲ್ಲುವ ಮರ್ಯಾದೆ ಅವನಿಗಿತ್ತು, ಅದನ್ನು ಹೇಳಲೇಬೇಕು.

"ನಾನು ಕುಂತಾಗ ಐವತ್ ದಾಟಿತ್ತು ಕಣಪ್ಪ. ಈ ಕೂಸು ಎಲ್ಲಿಂದ ಬಂತು?"

"ಅವ್ವಾ, ಒಳಗಿನ ಕಿಚ್ಚು ನಿಮ್ಮದೇ. ವಯಸ್ಸು ಮಾತ್ರ ಸ್ವಲ್ಪ ಬದಲಾಯಿಸಿದ್ದೀವಿ."

"ಯಾಕೆ?"

"ಪ್ರೊಡ್ಯೂಸರ್ ಒಪ್ಪಲ್ಲ ಅವ್ವ. ಎರಡೂವರೆ ಗಂಟೆ ಮುದುಕಿಯರ ಮುಖ ಯಾರು ನೋಡ್ತಾರೆ ಅಂತಾರೆ."

"ನಿನ್ ಹೆತ್ತವ್ವನ ಮುಖವ ನೀನು ನೋಡದಿಲ್ವೇನ್ಲಾ?"

ಗೌರೀಶ ನಕ್ಕ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ನೀವು ಹೇಳೋದೂ ಸರಿ, ಅವರು ಹೇಳೋದೂ ಸರಿ ಎಂದ. "ನಿಮಗೂ ಒಳ್ಳೇ ಪಾರ್ಟ್ ಇಟ್ಟಿದ್ದೀನಿ. ಡೈಲಾಗ್ ಇದೆ. ಅಸಿಸ್ಟೆಂಟ್ ಹೇಳ್ತಾರೆ ಹೋಗಿ" ಎಂದು ಮತ್ತೆ ಟೀವಿಯ ಕಡೆ ತಿರುಗಿದ.

ಮುದುಕಿಯರನ್ನು ಹುಣಸೆಮರದ ಕೆಳಗೆ ನೆಲದ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಕುರ್ಚಿಯ ಮೇಲೆ ಒಬ್ಬಳು ನಟಿ ಕೂತಿದ್ದಳು. ಉಷಾರಾಣಿ. ಒಂದು ಕಾಲದಲ್ಲಿ ಹುಣಸೂರಿನ ಗೋಡೆಗಳ ಮೇಲೆಲ್ಲ ಅವಳ ಚಿತ್ರವಿತ್ತು. ಈಗ ಅವಳ ಕಪ್ಪು ಕೂದಲಿಗೆ ಬಿಳಿ ಪುಡಿ ಬಳಿಯುತ್ತಿದ್ದರು. ಕುಳ್ಳಮ್ಮನಿಗೆ ತಡೆಯಲಾಗಲಿಲ್ಲ.

"ಯಾಕವ್ವಾ ಸುಣ್ಣ ಬಳುಸ್ಕತಿದ್ದೀಯೆ? ಇಲ್ನೋಡು, ನಮ್ ತಲೆ ಪುಕ್ಕಟೆ ಬಿಳಿ ಅದೆ."

ಉಷಾರಾಣಿ ಗಟ್ಟಿಯಾಗಿ ನಕ್ಕಳು. "ನಾನು ಆ ಹುಡುಗಿಗೆ ತಾಯಿ ಕಣಮ್ಮ. ಹೋದ ಸಲ ಹೀರೋಗೆ ತಾಯಿ ಆಗಿದ್ದೆ. ಅವನು ನನಗಿಂತ ಎರಡು ವರ್ಷಕ್ಕೆ ದೊಡ್ಡವನು."

"ಅಯ್ ಶಿವನೆ! ದೊಡ್ಡೋನ್ನ ಎಂಗವ್ವಾ ಹೆತ್ತೆ?"

"ಹೆರಬೇಕು. ನಲವತ್ತು ದಾಟಿದ ಮೇಲೆ ನಮಗೆ ಮೂರೇ ಕೆಲಸ. ಹೆರೋದು, ಅಳೋದು, ಗೋಡೆ ಮೇಲೆ ಫೋಟೋ ಆಗೋದು." ಆಮೇಲೆ ದನಿ ತಗ್ಗಿಸಿದಳು. "ಡೈರೆಕ್ಟ್ರು ಮೊದಲು ಬರೆದಿದ್ದ ನಿಮ್ಮ ಕಥೆ ಓದಿದೆ. ಆ ಒಲೆ ಮುಂದೆ ಕೂರೋ ಪಾರ್ಟು ನನಗೆ ಕೊಡಿ, ನಾನು ಆ ವಯಸ್ಸಿನವಳೇ ಅಂತ ಕೇಳಿದೆ. ಕೊಡಲಿಲ್ಲ."

ಅಷ್ಟರಲ್ಲಿ ಅಸಿಸ್ಟೆಂಟ್ ಹುಡುಗಿ ಹಾಳೆ ಹಿಡಿದುಕೊಂಡು ಬಂದಳು. ಇವರ ಹೆಸರು ಕೇಳಲಿಲ್ಲ. ಅಜ್ಜಿ ಒಂದು, ಅಜ್ಜಿ ಎರಡು ಎಂದು ಬೆರಳು ತೋರಿಸಿದಳು. ಮಲ್ಲಾಜಮ್ಮ ಅಜ್ಜಿ ಒಂದು. ಕುಳ್ಳಮ್ಮ ಅಜ್ಜಿ ಎರಡು. ಆಮೇಲೆ ಸೀನು ವಿವರಿಸಿದಳು.

"ಕೆಂಪಿ ಒಲೆ ಮುಂದೆ ಕೂತಿರ್ತಾಳೆ. ಊರಿನ ಅಜ್ಜಿಯರಿಗೆಲ್ಲ ಭಯ. ನೀವು ಓಡಿ ಬಂದು ಧಣಿ ಕಾಲಿಗೆ ಬೀಳ್ತೀರ. 'ಬುದ್ದೀ, ತಪ್ಪಾಯ್ತು, ಹುಡುಗಿ ಬುದ್ಧಿಯಿಲ್ದೆ ಮಾಡವ್ಳೆ, ನಮ್ಮ ಹೊಟ್ಟೆ ಮೇಲೆ ಹೊಡೀಬ್ಯಾಡಿ' ಅಂತ ಅಳ್ತೀರ. ಆಗ ಕೆಂಪಿ ಎದ್ದು, 'ನಿಮ್ಮ ಕಾಲ ಮುಗೀತು ಅಜ್ಜಿ, ಇದು ನಮ್ಮ ಕಾಲ' ಅಂತಾಳೆ. ಅಷ್ಟೇ. ಸುಲಭ."

ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಳ್ಳಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು. ಬುದ್ದಿ. ಆ ಹಾಳೆಯಲ್ಲಿ, ಅವಳ ಬಾಯಿಗೆ ಆ ಮಾತನ್ನು ಬರೆದಿದ್ದರು. ಅವಳು ಇಷ್ಟು ವರ್ಷ ನುಂಗಿ ಜೀರ್ಣಿಸಿಕೊಂಡಿದ್ದನ್ನು ಕಕ್ಕು ಎನ್ನುತ್ತಿದ್ದರು.

"ನಾ ಬೀಳಾಕಿಲ್ಲ ಕಣವ್ವ" ಎಂದಳು.

"ಸರಿ, ನೀವು ಆಮೇಲೆ. ಮೊದಲು ಅಜ್ಜಿ ಒಂದು ಬನ್ನಿ" ಎಂದು ಹುಡುಗಿ ಮಲ್ಲಾಜಮ್ಮನ ತೋಳು ಹಿಡಿದು ಎಬ್ಬಿಸಿದಳು.

ಮಲ್ಲಾಜಮ್ಮ ಮೆತ್ತನೆಯ ಜೀವ. ಒಲೆಬಾಯಿಯ ಮುಂದೆ ಕೂತಿದ್ದೂ ಗೆಳತಿಯ ಮೇಲಿನ ಪ್ರೀತಿಗೆ. ಈಗ ಎದ್ದು ಹೋದದ್ದೂ ಆ ಹುಡುಗಿ ತೋಳು ಹಿಡಿದಳಲ್ಲ, ಬಿಡಿಸಿಕೊಂಡರೆ ಅವಳಿಗೆ ಬೇಜಾರಾದೀತು ಎಂಬ ದಾಕ್ಷಿಣ್ಯಕ್ಕೆ. ಧಣಿಯ ವೇಷದ ನಟ ಕಣದ ನಡುವೆ ನಿಂತಿದ್ದ. ಶಿವಶಂಕರ್ ಎಂದು ಹೆಸರು, ಮೂವತ್ತೈದರ ಹುಡುಗ, ಅಂಟಿಸಿದ ಮೀಸೆ.

ಆಗಲೇ ಕ್ಯಾಮೆರಾದ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಕುರ್ಚಿಯ ಹಿಂದೆ ಕೋಲೂರಿಕೊಂಡು ನೀಲಕಂಠಸ್ವಾಮಿ ಬಂದ. ಎಂಬತ್ತರ ಹತ್ತಿರ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಪಂಚೆ. ಕಣವನ್ನು ಸಿನಿಮಾದವರಿಗೆ ಬಾಡಿಗೆಯಿಲ್ಲದೆ ಕೊಟ್ಟ ಉದಾರಿ. ಯಾಕೆ ಕೊಟ್ಟ ಎಂಬುದು ಕುಳ್ಳಮ್ಮನಿಗೆ ಈಗ ತಿಳಿಯಿತು. ಅವನು ಕುರ್ಚಿಯನ್ನು ಚೆನ್ನಾಗಿ ಕಾಣುವ ಕಡೆಗೆ ತಿರುಗಿಸಿಕೊಂಡು ಕೂತ.

"ಆಕ್ಷನ್!"

ಮಲ್ಲಾಜಮ್ಮ ಓಡಿದಳು. ಎಪ್ಪತ್ತರ ಹೆಂಗಸಿನ ಓಟ ಎಂಥದ್ದು? ಎಡವುತ್ತ ಹೋಗಿ ಮೊಣಕಾಲೂರಿದಳು.

"ಒನ್ ಮೋರ್. ಅಜ್ಜಿ, ಕೂತ್ಕೋಬೇಡಿ, ದಬಕ್ಕಂತ ಬೀಳಿ."

ಮತ್ತೆ ಬಿದ್ದಳು.

"ಒನ್ ಮೋರ್. ಧೂಳು ಏಳ್ಲಿಲ್ಲ."

ಒಬ್ಬ ಬಂದು ನೆಲಕ್ಕೆ ಪುಡಿಮಣ್ಣು ಚೆಲ್ಲಿ ಹೋದ. ಮಲ್ಲಾಜಮ್ಮ ನೆಲಕ್ಕೆ ಕೈಯೂರಿ ಎದ್ದಳು. ಯಾರೂ ಕೈ ಕೊಡಲಿಲ್ಲ. ಮತ್ತೆ ಬಿದ್ದಳು. ಮೊಣಕಾಲು ಕಲ್ಲಿಗೆ ಬಡಿದ ಸದ್ದು ಹುಣಸೆಮರದ ತನಕ ಕೇಳಿಸಿತು. ಬುದ್ದೀ ಎನ್ನುವ ಬದಲು ಅವಳ ಬಾಯಲ್ಲಿ ಅವ್ವಾ ಎಂದು ಬಂತು. ಒನ್ ಮೋರ್. ಇನ್ನೂ ಜೋರಾಗಿ. ಒನ್ ಮೋರ್. ಅವಳ ಸೀರೆಯ ಮೊಣಕಾಲಿನ ಮೇಲೆ ರಕ್ತ ಒಸರಿ ಮಣ್ಣಿನೊಂದಿಗೆ ಕಲಸಿತು. ಅಸಿಸ್ಟೆಂಟ್ ಹುಡುಗಿ ಅದನ್ನು ನೋಡಿದಳು. "ಸಾರ್, ಬ್ಲಡ್ ಬಂದಿದೆ, ಸೂಪರಾಗಿದೆ. ಅಜ್ಜಿ, ಒರೆಸಬೇಡಿ, ಹಂಗೇ ಇರಲಿ" ಎಂದಳು.

ಕುರ್ಚಿಯಿಂದ ನಗು ಬಂತು. ಕೆಮ್ಮಿನ ಜೊತೆಗೆ ಬೆರೆತ ನಗು.

"ಅಂತೂ ಬಿದ್ರಲ್ಲಮ್ಮೀ" ಎಂದ ನೀಲಕಂಠಸ್ವಾಮಿ. "ನಿನ್ ಸರದಿ ಯಾವಾಗ ಕುಳ್ಳಿ? ನೋಡ್ಕಂಡೇ ಹೋಗಾನ ಅಂತ ಕುಂತಿದ್ದೀನಿ."

ಕುಳ್ಳಮ್ಮ ಎದ್ದಳು. ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಕ್ಯಾಮೆರಾದ ಮುಂದೆಯೇ ಹಾದು ಮಲ್ಲಾಜಮ್ಮನ ಹತ್ತಿರ ಹೋಗಿ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದಳು. ಸೆರಗು ಬಿಚ್ಚಿ ಅವಳ ಮೊಣಕಾಲಿನ ರಕ್ತ ಒರೆಸಿದಳು.

"ಕಟ್! ಅಜ್ಜಿ ಎರಡು, ಯಾಕೆ ಬಂದ್ರಿ?"

"ಅಜ್ಜಿ ಎಲ್ಡಲ್ಲ ಕಣವ್ವ. ಕುಳ್ಳಮ್ಮ. ಇವ್ಳು ಮಲ್ಲಾಜಮ್ಮ. ಇವ್ಳು ಬೀಳಾಕಿಲ್ಲ, ನಾನೂ ಬೀಳಾಕಿಲ್ಲ."

ಗೌರೀಶ ಓಡಿಬಂದ. "ಅವ್ವಾ, ಇದು ಸುಳ್ಳು ಬೀಳೋದು. ಆಕ್ಟಿಂಗು."

"ಸುಳ್ಳಾದ್ರೆ ನೀನೇ ಬೀಳು."

"ಅಯ್ಯೋ ಅವ್ವಾ..."

"ಸುಳ್ ಬಿದ್ರೂ ಮೊಣಕಾಲು ನಿಜವಾಗೇ ಕಲ್ಲಿಗ್ ಬಡೀತದೆ. ನೋಡ್ಲಾ ಇಲ್ಲಿ, ಈ ರಕ್ತ ಸುಳ್ಳಾ? ಆ ಕುರ್ಚಿ ಮ್ಯಾಲೆ ಕುಂತಿರದು 'ಅಂತೂ ಬಿದ್ರಲ್ಲ' ಅಂತ ನಗ್ತದಲ್ಲ, ಆ ನಗೆ ಸುಳ್ಳಾ? ಇಡೀ ಊರು ನೋಡ್ತದೆ. ನನ್ ಮೊಮ್ಮಕ್ಕಳು ನೋಡ್ತವೆ. ಅಜ್ಜಿ ಧಣಿ ಕಾಲಿಗ್ ಬಿದ್ದಿದ್ಲು ಅಂತವೆ. ಅವಕ್ಕೆ ಯಾರ್ ವೋಗಿ ಏಳ್ತಾರೆ ಸುಳ್ಳು ಅಂತ?"

"ಬರೀ ಒಂದು ಸಲ, ಅವ್ವ. ಒಂದೇ ಒಂದು ಶಾಟ್."

ಕುಳ್ಳಮ್ಮ ಮೀಸೆಯ ಶಿವಶಂಕರನ ಕಡೆ ತಿರುಗಿದಳು. "ನೀನೇಳಪ್ಪ. ಇರೀಕರು ಕಿರೀಕರ ಕಾಲಿಗ್ ಬಿದ್ರೆ ಯಾರ ಆಯುಸ್ಸು ಕಮ್ಮಿಯಾಗದು? ನಿಮ್ಮವ್ವ ಏಳಿಕೊಟ್ಟಿಲ್ವಾ? ಇವ್ಳು ಆಗ್ಲೇ ಐದಾರು ಸಲ ಬಿದ್ದವ್ಳೆ. ನಾನೂ ಬೀಳ್ಬೇಕಾ?"

ಶಿವಶಂಕರನ ಮುಖ ಬಿಳಿಚಿತು. ಗಟ್ಟಿ ಧ್ವನಿಯ ಖಳನಾಯಕ ಎರಡು ಹೆಜ್ಜೆ ಹಿಂದೆ ಸರಿದ. "ಸಾರ್, ಇದು ಬೇಡ ಸಾರ್. ಬೇಕಾದ್ರೆ ದೂರದಿಂದ ಕೈ ಮುಗಿಲಿ" ಎಂದು ತನ್ನ ಕಾಲನ್ನೇ ನೋಡಿಕೊಂಡ. ಲೈಟು ಹಿಡಿದವರು ಕಿಸಕ್ಕೆಂದರು.

ಗೌರೀಶನಿಗೆ ಸಿಟ್ಟು ಬಂತು. ಕಲಿತವರ ಸಿಟ್ಟು, ಬಹುವಚನದಲ್ಲೇ ಬರುತ್ತದೆ. "ನೋಡಿ ಅವ್ವ, ಕಾಲಿಗೆ ಬೀಳೋದು ನಾನು ಹುಟ್ಟಿಸಿದ್ದಲ್ಲ. ನಿಮ್ಮ ಕಥೆಯಲ್ಲೇ ಇತ್ತು. ನೀವೇ ಹೇಳಿದ್ದು, ನನ್ನ ಹತ್ರ ರೆಕಾರ್ಡಿಂಗ್ ಇದೆ."

"ಊ ಕಣಪ್ಪ, ಏಳಿದ್ದೆ. ಕಾಲಿಗ್ ಬಿದ್ರು ಅಂತ ಏಳಿದ್ದೆ. ಯಾರು ಬಿದ್ರು ಅಂತಾನೂ ಏಳಿದ್ದೆ. ಅದ್ನೂ ಏಳ್ಬುಡು ಎಲ್ಲರ ಮುಂದೆ."

ಗೌರೀಶ ಕಿವಿಗೆ ಸಿಕ್ಕಿಸಿಕೊಂಡದ್ದನ್ನು ಸರಿಮಾಡಿಕೊಂಡ.

"ನೀ ಏಳಾಕಿಲ್ಲ. ನಾ ಏಳ್ತೀನಿ." ಕುಳ್ಳಮ್ಮ ಪ್ಲಾಸ್ಟಿಕ್ ಕುರ್ಚಿಯ ಕಡೆ ಕೈ ತೋರಿಸಿದಳು. "ಅಲ್ ಕುಂತವ್ರಲ್ಲ, ಅವ್ರು ಬಿದ್ರು. ಹೊತ್ತು ಮುಳುಗ್ತಾ ಇತ್ತು. 'ಕಾವು ಇಳೀತಾ ಅದೆ ಕಣ್ರವ್ವಾ, ಹಾಳಾಗ್ ವೋಗ್ತೀನಿ, ಎದ್ದೇಳಿ' ಅಂತ ಬಂದು ಮಾಯಮ್ಮನ ಕಾಲ್ ಹಿಡ್ಕಂಡ್ರು. ಬೆನ್ ಮ್ಯಾಲೆ ಸೌದೆ ಏಟು ತಿಂದಿದ್ಲಲ್ಲ, ಅವ್ಳ ಕಾಲ. ಏನ್ರೀ ನೀಲಕಂಠಸ್ವಾಮಿಯೋರೆ, ಸುಳ್ಳಾ?"

ಕಣವೆಲ್ಲ ಕುರ್ಚಿಯ ಕಡೆ ತಿರುಗಿತು. ನೀಲಕಂಠಸ್ವಾಮಿ ಕೋಲಿನ ಹಿಡಿಯನ್ನು ತಿರುವಿದ. ಹಣೆಯ ವಿಭೂತಿಯ ಮೇಲೆ ಬೆವರು ಬಂದಿತ್ತು. ಕುರ್ಚಿಯನ್ನು ಆಚೆ ಕಡೆಗೆ ತಿರುಗಿಸಿಕೊಂಡ.

ಕುಳ್ಳಮ್ಮ ಗೌರೀಶನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಬೀಳೋ ಸೀನ ಇಟ್ಕಂಡೆ, ಬಿದ್ದೋರ ಬದಲಾಯಿಸ್ದೆ. ಧಣಿ ಬಿದ್ರೆ ಯಾರೂ ನೋಡಾಕಿಲ್ಲ, ಮುದ್ಕಿ ಬಿದ್ರೆ ನೋಡ್ತಾರೆ, ಅಂಗಾ? ಗಿಡ ಆಗಿದ್ದಾಗ ಬಗ್ಗಿದ್ದು ಸಾಕಾಯ್ತು ಕಣ್ಲಾ. ಮರ ಆದ್ಮ್ಯಾಕೆ ಬಗ್ಗಾಕಿಲ್ಲ."

ಹೇಳಿದವಳು ಮಲ್ಲಾಜಮ್ಮನ ಕೈ ಹಿಡಿದುಕೊಂಡು ಒಲೆಬಾಯಿಯ ಹತ್ತಿರ ಹೋದಳು. ಅಲ್ಲಿ ಪೂಜಾ ಕೂತಿದ್ದಳು. "ಏಳು ಮಗ, ಇದು ನಮ್ ಜಾಗ" ಎಂದಳು ಕುಳ್ಳಮ್ಮ. ಪೂಜಾ ಎದ್ದಳು. ಪಾಪದ ಹುಡುಗಿ, ಅವಳದೇನು ತಪ್ಪು. ಎದ್ದವಳು ತನ್ನ ಕಪ್ಪು ಬಳಿದ ಬೆರಳುಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು.

ಇಬ್ಬರೂ ಕೂತರು. ಮೊದಲಿನ ಹಾಗೇ, ಒಲೆಗೆ ಬೆನ್ನು ಕೊಟ್ಟು. ಇಬ್ಬರ ನಡುವೆ ಮಾಯಮ್ಮನ ಜಾಗ ಖಾಲಿ ಬಿಟ್ಟರು. ಹುಣಸೆಮರದ ಕೆಳಗಿನ ಮುದುಕಿಯರು ಒಬ್ಬೊಬ್ಬರಾಗಿ ಎದ್ದು ಬಂದು ಹಿಂದೆ ಮುಂದೆ ಕೂತರು.

"ಎದ್ದೇಳ್ರಮ್ಮೀ!" ಎಂದು ಚಿಕ್ಕಣ್ಣ ಕೂಗಾಡಿದ. "ಇನ್ಮ್ಯಾಕೆ ಯಾವ ಕೆಲಸಕ್ಕೂ ಕರಿಯಾಕಿಲ್ಲ ನಿಮ್ಮನ್ನ."

"ಕರೀಬ್ಯಾಡ ವೋಗ್ಲಾ. ಹಲ್ಲಿರೋರ ಕರಕೊ" ಎಂದಳು ಒಬ್ಬಳು.

ಆಗ ಉಷಾರಾಣಿ ಎದ್ದು ಬಂದಳು. ಅರ್ಧ ತಲೆ ಕಪ್ಪು, ಅರ್ಧ ಬಿಳಿ. ಬಂದು ಮಾಯಮ್ಮನ ಖಾಲಿ ಜಾಗವನ್ನು ನೋಡಿದಳು. "ಇಲ್ಲಿ ಕೂರಲಾ?" ಎಂದು ಕೇಳಿದಳು.

"ಕೂತ್ರೆ ನಾಳೆ ನಿಂಗೆ ಕೆಲಸ ಕೊಡ್ತಾರಾ?"

"ಕೊಡಲ್ಲ."

"ನಮ್ಗೂ ಅವತ್ತು ಅಂಗೇ ಅಂದಿದ್ರು. ಕೂತ್ಕ."

ಉಷಾರಾಣಿ ಕೂತಳು. ಕೂತು, ಸೆರಗಿನಿಂದ ತಲೆಯ ಬಿಳಿ ಪುಡಿಯನ್ನು ಕೊಡವತೊಡಗಿದಳು. ನಾಚದೆ, ಎಲ್ಲರೂ ನೋಡುತ್ತಿದ್ದಂತೆ.

ಗೌರೀಶ ಬೈದ. ಫೋನು ಮಾಡಿದ. ಪೊಲೀಸರನ್ನು ಕರೆಸುತ್ತೇನೆ ಎಂದ. ಕರೆಸಿ ಏನೆಂದು ಹೇಳುವುದು, ಮುದುಕಿಯರು ಕಾಲಿಗೆ ಬೀಳುತ್ತಿಲ್ಲ ಎಂದೇ? ಬಿಸಿಲು ಹುಣಸೆಮರದ ತುದಿಗೆ ಹೋಯಿತು. ಸೌದೆ ಕಾಣದ ಒಲೆ ಆರುತ್ತ ಬಂತು, ಬ್ಯಾರನ್ನಿನ ಹೊಗೆ ತೆಳುವಾಯಿತು. ಕ್ಯಾಮೆರಾದವನು ಆಕಾಶ ನೋಡಿ ತಲೆಯಾಡಿಸಿದ.

ಕೊನೆಗೆ ಗೌರೀಶನೇ ಬಂದ. ಕಿವಿಯದನ್ನು ಕಿತ್ತು ಕುತ್ತಿಗೆಗೆ ಹಾಕಿಕೊಂಡಿದ್ದ. ಕುಳ್ಳಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಕಣ್ಣಲ್ಲಿ ನೀರಿತ್ತು. ಇದೂ ನಿಜವಾದ ನೀರೇ.

"ಬೆಳಕು ಹೋಗ್ತಾ ಇದೆ ಅವ್ವ. ನಾಳೆ ಪೂಜಾ ಸಿಗಲ್ಲ. ನಾನು ಹಾಳಾಗಿ ಹೋಗ್ತೀನಿ. ಎದ್ದೇಳಿ." ಹೇಳುತ್ತ ಹೇಳುತ್ತ ಅವನು ಮುಂದಕ್ಕೆ ಬಾಗಿದ. ಮೊಣಕಾಲು ಮಣ್ಣಿಗೆ ತಗುಲಿತು. ಎರಡೂ ಕೈ ಅವಳ ಪಾದ ಹಿಡಿದವು. "ನಿಮ್ಮ ಕಾಲಿಗೆ ಬೀಳ್ತೀನಿ."

ಕುಳ್ಳಮ್ಮ ಕಾಲು ಎಳೆದುಕೊಳ್ಳಲಿಲ್ಲ. ಅವನ ಬಾಗಿದ ತಲೆಯನ್ನು ನೋಡಿದಳು. ಅದರ ಆಚೆಗೆ ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿದಳು. ಕುರ್ಚಿ ಖಾಲಿಯಾಗಿತ್ತು. ಕೋಲೂರಿಕೊಂಡು ಮನೆಯ ಕಡೆ ಹೋಗುತ್ತಿದ್ದ ಬೆನ್ನು ಮಾತ್ರ ಕಾಣುತ್ತಿತ್ತು.

"ಇಂಗೇ ಇರು ಮಗ, ಕದಲಬ್ಯಾಡ" ಎಂದಳು. ಆಮೇಲೆ ಕ್ಯಾಮೆರಾದವನಿಗೆ ಕೇಳುವಂತೆ ದನಿ ಎತ್ತಿದಳು. "ಓ ಕ್ಯಾಮ್ರಾದಪ್ಪ, ಈ ಕಡೀಕ್ ತಿರುಗ್ಸು. ಅವತ್ತು ನಡೆದದ್ದು ಇದೇಯ. ಕಾಲಿಗ್ ಬೀಳೋ ಸೀನು ಇದೇಯ. ಈಗ ತೆಗಿ."

ಮಲ್ಲಾಜಮ್ಮ ಗಾಯದ ಮೊಣಕಾಲನ್ನು ಒತ್ತಿಕೊಳ್ಳುತ್ತ ಮುಂದಕ್ಕೆ ಬಗ್ಗಿ, ಗೌರೀಶನ ಮೊಣಕಾಲಿನ ಸುತ್ತಲಿನ ಮಣ್ಣನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಧೂಳು ಏಳ್ಲಿಲ್ಲ" ಎಂದಳು. "ವನ್ ಮೋರ್."